ಖರೇ ಹೇಳ್ರಿ, ಅಯ್ಯನೋರ

"ಹೆಂಗಾಗೇತ್ರಿ ಎಣ್ಣಿಗಾಯಿ?"

ಪೇಪರ್ ಪ್ಲೇಟಿನಿಂದ ತಲೆಯೆತ್ತಿ ನೋಡಿದೆ. ಹಳದಿ ಸೀರೆ, ಅದರ ಮೇಲೊಂದು ಹಸಿರು ಸ್ವೆಟರ್. ಎರಡು ಬಣ್ಣಕ್ಕೂ ಒಂದಿಷ್ಟೂ ಹೊಂದಾಣಿಕೆಯಿರಲಿಲ್ಲ, ಆದರೂ ಕಣ್ಣು ಅಲ್ಲೇ ನಿಂತಿತು. ಅವತ್ತೇ ಮೊದಲ ಸಲ ನಮ್ಮ ಸಭೆಗೆ ಬಂದಿದ್ದಳು. ಆರಾಧನೆಗೆ ಮುಂಚೆ ಎದ್ದು ನಿಂತು ಪರಿಚಯ ಹೇಳಿಕೊಂಡಿದ್ದಳು: ಹೆಸರು ಕುಮುದಾ, ಊರು ಬೆಟಗೇರಿ, ಈಗ ಸ್ಯಾನ್ ಡಿಯೇಗೋದಲ್ಲಿ ಅವ್ವನ ಜೊತೆ ವಾಸ.

"ತುಂಬಾ ಚೆನ್ನಾಗಿದೆ," ಅಂದೆ.

"ಖಾರ?"

"ಸರಿಯಾಗಿದೆ."

"ಉಪ್ಪು?"

"ಹದವಾಗಿದೆ."

"ಉಪ್ಪ ಹಾಕೇ ಇಲ್ರಿ ನಾ. ಗಡಿಬಿಡಿಯೊಳಗ ಮರತ್ನಿ. ಈಗ ಒಂದ ತುತ್ತ ತಿಂದಾಗ ಗೊತ್ತಾತು."

ಮೇಜಿನ ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವಳ ತುಟಿ ನಗಲಿಲ್ಲ. ಆದರೆ ಕಣ್ಣಲ್ಲಿ ನಗು ತುಂಬಿ ತುಳುಕುತ್ತಿತ್ತು.

"ಅಯ್ಯನೋರ, ಬದನಿಕಾಯಿ ಬಗ್ಗೇನ ಖರೇ ಹೇಳೂದಿಲ್ಲಂದ್ರ, ಸ್ವರ್ಗದ ಬಗ್ಗೆ ಹೇಳಿದ್ದು ಹೆಂಗ ನಂಬೂದ್ರಿ?"

ನಾನು ಅಯ್ಯನೋರಲ್ಲ. ನಮ್ಮ ಕಡೆ ಚರ್ಚಿನ ಸಭಾಪಾಲಕರನ್ನು ಹಾಗೆ ಕರೆಯುತ್ತಾರೆ. ನಾನು ಪ್ರತೀಕ್, ಉಡುಪಿಯವನು. ಎಲ್ ಸೆಗುಂಡೋದ ಒಂದು ಏರೋಸ್ಪೇಸ್ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್. ವೆಸ್ಟ್ ಕೊವಿನಾದ ಅಮೆರಿಕನ್ ಚರ್ಚೊಂದರ ಹಾಲ್‌ನಲ್ಲಿ, ಸ್ಪ್ಯಾನಿಷ್ ಸಭೆಯವರು ಮುಗಿಸಿ ಹೋದ ಮೇಲೆ, ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಮೂರಕ್ಕೆ ನಾವು ನಲವತ್ತು ಜನ ಕನ್ನಡ ಕ್ರೈಸ್ತರು ಸೇರುತ್ತಿದ್ದೆವು. ಪಾದ್ರಿ ಇರಲಿಲ್ಲವಾದ್ದರಿಂದ ನನ್ನನ್ನೇ ಮುಖಂಡ ಅಂತ ಆರಿಸಿದ್ದರು. "ಪ್ರತೀಕ್ ಯಾರ ಮನಸ್ಸನ್ನೂ ನೋಯಿಸುವವನಲ್ಲ," ಅಂತ ಎಲ್ಲರೂ ಹೇಳಿದ್ದರು. ಅದನ್ನು ನಾನು ಹೊಗಳಿಕೆ ಅಂದುಕೊಂಡು ಎರಡು ವರ್ಷ ಕಳೆದಿದ್ದೆ.

ಅದು ೧೯೯೫ರ ಜನವರಿ. ಅವತ್ತು ಮನೆಗೆ ಡ್ರೈವ್ ಮಾಡುವಾಗ ನಾನೊಬ್ಬನೇ ಕಾರಿನಲ್ಲಿ ಎರಡು ಸಲ ಜೋರಾಗಿ ನಕ್ಕೆ.

*

ಸ್ಯಾನ್ ಡಿಯೇಗೋದವರಿಗಾಗಿ ಎರಡನೇ ಶನಿವಾರ ಅಲ್ಲೊಂದು ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಮೊದಲು ಬೇಸರದಿಂದಲೇ ಹೋಗುತ್ತಿದ್ದೆ. ಕೂಟ ಕುಮುದಾಳ ಅವ್ವ ಶಾರದವ್ವನ ಅಪಾರ್ಟ್‌ಮೆಂಟಿಗೆ ಬದಲಾದ ಮೇಲೆ, ಬೆಳಿಗ್ಗೆ ಏಳಕ್ಕೇ ಎದ್ದು ಶರ್ಟು ಇಸ್ತ್ರಿ ಮಾಡತೊಡಗಿದೆ.

ಕುಮುದಾ ಕರ್ನಿ ಮೆಸಾದ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಟೆಕ್ನಿಶಿಯನ್. ಶನಿವಾರ ಅರ್ಧ ದಿನ ಕೆಲಸ. ಕೂಟ ನಾಲ್ಕಕ್ಕೆ. ನಾನು ಒಂದೂವರೆಗೇ ತಲುಪುತ್ತಿದ್ದೆ. "ಟ್ರಾಫಿಕ್ ಇರುತ್ತೆ ಅಂತ ಬೇಗ ಹೊರಟೆ," ಅನ್ನುತ್ತಿದ್ದೆ. ಅವಳು ವಾಚ್ ನೋಡಿಕೊಂಡು, "ಪ್ರತೀ ಸಲ ಟ್ರಾಫಿಕ್ ಇರೂದಿಲ್ಲೇನ್ರಿ ಪಾಪ," ಅನ್ನುತ್ತಿದ್ದಳು. ಕ್ಲಿನಿಕ್ ಹತ್ತಿರದ ವಿಯೆಟ್ನಾಮೀಸ್ ಹೋಟೆಲಿನಲ್ಲಿ ಇಬ್ಬರೂ ನೂಡಲ್ಸ್ ಸೂಪ್ ತೆಗೆದುಕೊಳ್ಳುತ್ತಿದ್ದೆವು.

ಅವಳಿಗೊಂದು ಅಭ್ಯಾಸವಿತ್ತು. ಮಾತಾಡುವಾಗ ಎದುರಿನವರ ಕಣ್ಣನ್ನೇ ನೇರವಾಗಿ ನೋಡುತ್ತಿದ್ದಳು, ಡಾಕ್ಟರ್ ನೋಡಿದ ಹಾಗೆ.

"ನಿಮ್ಮ ಬಲಗಣ್ಣ ರೆಪ್ಪಿ ಒಂಚೂರು ಇಳಿದೈತಿ, ಗೊತ್ತೈತೇನು?"

"ಯಾರೂ ಹೇಳಿರಲಿಲ್ಲ."

"ಯಾರಿಗೂ ಅಷ್ಟ ಹತ್ತರ ಕುಂತ ನೋಡಾಕ ಪುರಸೊತ್ತ ಇರಲಿಕ್ಕಿಲ್ಲ," ಅಂದು, ತಾನು ಏನು ಹೇಳಿದೆ ಅನ್ನುವುದು ಹೊಳೆದು, ಸೂಪಿನ ಬಟ್ಟಲಿಗೆ ಮುಖ ಬಗ್ಗಿಸಿದಳು. ಬೈತಲೆಯ ಬುಡದವರೆಗೂ ಕೆಂಪೇರಿತ್ತು. ಅವಳು ತಲೆಯೆತ್ತುವವರೆಗೂ ನಾನು ಆ ಬೈತಲೆಯನ್ನೇ ನೋಡುತ್ತಾ ಕೂತೆ.

ನನ್ನ ಕೆಲಸದ ಬಗ್ಗೆ ಅವಳಿಗೆ ಬಹಳ ಕುತೂಹಲ. ವಿಮಾನದ ಬಿಡಿಭಾಗಗಳನ್ನು ಮೇಜಿಗೆ ಬಿಗಿದು ಗಂಟೆಗಟ್ಟಲೆ ಅಲುಗಾಡಿಸಿ, ಎಲ್ಲಿ ಬಿರುಕು ಬಿಡುತ್ತದೆ ನೋಡುತ್ತೇವೆ ಅಂತ ವಿವರಿಸಿದೆ.

"ಬಿರುಕ ಬಿಟ್ರ ಏನ ಬರೀತೀರಿ?"

"ಫೇಲ್ ಅಂತ."

"ಅಷ್ಟ? 'ತುಂಬಾ ಚೆನ್ನಾಗಿದೆ' ಅಂತ ಬರಿಯೂದಿಲ್ಲ?"

"ಅದು ಲೋಹ, ಕುಮುದಾ. ಲೋಹಕ್ಕೆ ಬೇಜಾರಾಗುವುದಿಲ್ಲ."

"ಆದ್ರ ಅದರ ಮ್ಯಾಲ ಮಂದಿ ಕುಂತಿರತಾರಲ್ರಿ," ಅಂದಳು. ನಾನು ಬಿಲ್ ಕೇಳಲು ಕೈ ಎತ್ತಿದೆ.

ಏಪ್ರಿಲ್ ಕೂಟ ಮುಗಿಸಿ ಹೊರಟಾಗ ಅವಳು ಕಾರಿನವರೆಗೂ ಬಂದಳು. ಬಾಗಿಲು ತೆರೆದೆ. ಅವಳು ಅದರ ಮೇಲೆ ಕೈಯಿಟ್ಟು ನಿಂತಳು.

"ಜಯಂತಣ್ಣ ಫೋನ್ ಮಾಡಿದ್ದ." ಅವಳ ಅಣ್ಣ ಜಯಂತ ಹ್ಯೂಸ್ಟನ್‌ನಲ್ಲಿದ್ದ. "ಅವರ ಚರ್ಚಿನಾಗ ಒಬ್ರು ಡಾಕ್ಟರ್ ಅದಾರಂತ. ನನ್ನ ಫೋಟೋ ಕಳಸ್ಲೇನು ಅಂತ ಕೇಳಾಕತ್ತಾನ."

ನಾನು ಕಾರಿನ ಕೀಯನ್ನು ಬೆರಳಲ್ಲಿ ತಿರುವತೊಡಗಿದೆ.

"ಏನ ಹೇಳ್ಲಿ ನಾ?" ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು.

ಬೇಡ ಅನ್ನಬೇಕಿತ್ತು. ಎರಡೇ ಅಕ್ಷರ. ಆದರೆ ಸಭೆಯ ಮುಖಂಡ, ಅವಳ ಅವ್ವನ ಮನೆಯ ಊಟ ಉಂಡವನು, ಜನ ಏನೆಂದಾರು, ಇವಳೇ ಇಲ್ಲ ಅಂದರೆ ಮುಂದಿನ ಭಾನುವಾರ ಹೇಗೆ ಮುಖ ತೋರಿಸಲಿ... ಬಾಯಿಂದ ಬಂದದ್ದು ಇಷ್ಟು:

"ಪ್ರಾರ್ಥನೆ ಮಾಡೋಣ. ದೇವರ ಚಿತ್ತ ಹೇಗಿದೆಯೋ ಹಾಗಾಗಲಿ."

ಅವಳು ಬಾಗಿಲಿನಿಂದ ಕೈ ತೆಗೆದಳು.

"ದೇವರ ಚಿತ್ತ ನಾ ದೇವರನ್ನ ಕೇಳ್ತೀನ್ರಿ. ನಾ ನಿಮ್ಮ ಚಿತ್ತ ಕೇಳಿದ್ನಿ."

*

ಲೋಕಯ್ಯ ಅಂಕಲ್ ಬಗ್ಗೆ ಹೇಳಬೇಕು. ಎಪ್ಪತ್ತೊಂದು ವಯಸ್ಸು, ಕುಂದಾಪುರದ ಕಡೆಯವರು, ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ಮನೆ. ನಮ್ಮ ಸಭೆಯನ್ನು ಕಟ್ಟಿದವರೇ ಅವರು. ಹೆಂಡತಿ ತೀರಿಕೊಂಡ ಮೇಲೆ ಅವರ ಜೀವವೆಲ್ಲ ಸಭೆಯ ಬಿಳಿ ವ್ಯಾನಿನಲ್ಲಿತ್ತು. ಭಾನುವಾರ ಸ್ಯಾನ್ ಡಿಯೇಗೋದ ಆರು ಜನರನ್ನು ಮನೆಮನೆಯಿಂದ ಹತ್ತಿಸಿಕೊಂಡು, ಫಿಫ್ಟೀನ್ ಫ್ರೀವೇಯಲ್ಲಿ ಎರಡು ಗಂಟೆ ಓಡಿಸಿ, ವೆಸ್ಟ್ ಕೊವಿನಾಕ್ಕೆ ತರುತ್ತಿದ್ದರು.

ನಾನು ಅಮೆರಿಕಕ್ಕೆ ಬಂದ ದಿನ ಏರ್‌ಪೋರ್ಟಿಗೆ ಬಂದು ಕರೆದೊಯ್ದವರು ಅವರು. ಮೂರು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಕ್ಕಕ್ಕೆ ಕೂತು, "ಹೆದರ್ಬೇಡ ಮಾರಾಯ, ಕ್ಲಚ್ ಬಿಡು, ನಿಧಾನ," ಅಂತ ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ.

ಮೇ ತಿಂಗಳ ಮೂರನೇ ಭಾನುವಾರ ವ್ಯಾನ್ ಒಂದು ಗಂಟೆ ತಡವಾಗಿ ಬಂತು. ಎಡಗಡೆಯ ಕನ್ನಡಿ ಮುರಿದು ನೇತಾಡುತ್ತಿತ್ತು. ಶಾರದವ್ವ ಬಾಗಿಲನ್ನು ಗಟ್ಟಿಯಾಗಿ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಇಳಿದರು. ಕುಮುದಾ ನನ್ನನ್ನು ಹಾಲ್‌ನ ಪಕ್ಕದ ಕಾರಿಡಾರಿಗೆ ಕರೆದಳು. ಹ್ಯೂಸ್ಟನ್ ಮಾತಿನ ನಂತರ ಅವಳಾಗಿ ನನ್ನ ಹತ್ತಿರ ಬಂದದ್ದು ಅದೇ ಮೊದಲು.

"ಎಡಗಡೆ ಟ್ರಕ್ಕ ಇತ್ರಿ. ಇಷ್ಟ ದೊಡ್ಡದು. ಅಂಕಲ್ ನೋಡಲೇ ಇಲ್ಲ, ಸೀದಾ ಅದರ ಲೇನಿಗೆ ಹೊಂಟ್ರು. ಆ ಡ್ರೈವರ್ ಹಾರ್ನ್ ಹೊಡದು ಆ ಕಡೆ ಸರದ ಅಂತ ಇವತ್ತ ನಾವ ಇಲ್ಲಿ ಅದೀವಿ."

"ದೇವರು ದೊಡ್ಡವನು..."

"ದೇವರ ವಿಷಯ ಆಮ್ಯಾಲ. ಅವರಿಗೆ ಎಡಗಡೆ ಕಾಣೂದಿಲ್ರಿ. ದಿನಾ ನಾ ಅಂಥವರ ಕಣ್ಣ ನೋಡ್ತೀನಿ. ಕುತಗಿ ಪೂರಾ ತಿರುಗಿಸಿ ನೋಡ್ತಾರ, ಚಾ ಕಪ್ಪಿನ ಹೊರಗ ಹಾಕ್ತಾರ. ಕ್ಲಿನಿಕ್ಕಿಗೆ ಬರ್ರಿ ಅಂದ್ರ ಬೈತಾರ. ನಮ್ಮ ಮಾತ ಕೇಳೂದಿಲ್ಲ. ನೀವ ಮುಖಂಡರು. ನೀವ ಹೇಳ್ರಿ. ಇವತ್ತ."

"ಹೇಳ್ತೇನೆ," ಅಂದೆ.

ಹೊರಗೆ ಹೋದೆ. ಅಂಕಲ್ ಮುರಿದ ಕನ್ನಡಿಗೆ ಟೇಪ್ ಸುತ್ತುತ್ತಿದ್ದರು. ನನ್ನನ್ನು ಕಂಡು, "ಎಂತ ಮಾರಾಯ, ಈ ಟ್ರಕ್ಕಿನವರಿಗೆ ಮರ್ಯಾದೆಯೇ ಇಲ್ಲ," ಅಂದು ನಕ್ಕರು. ಆ ನಗು ನೋಡಿ ನಾನು ಮಾತು ಬದಲಿಸಿದೆ.

"ಅಂಕಲ್... ಬ್ರೇಕಿನಲ್ಲಿ ಸ್ವಲ್ಪ ಶಬ್ದ ಬರುತ್ತಿದೆ ಅನಿಸ್ತು ನನಗೆ. ಒಂದೆರಡು ವಾರ ವ್ಯಾನ್ ಓಡಿಸುವುದು ಬೇಡ. ಇವತ್ತು ಸಂಡೇ ಸ್ಕೂಲಿನ ದೀಪೇಶ್ ತಗೊಂಡು ಬಂದು ನಿಮ್ಮ ಮನೆ ಮುಂದೆ ನಿಲ್ಲಿಸ್ತಾನೆ."

"ಬ್ರೇಕಾ?" ಅವರು ವ್ಯಾನಿನ ಕಡೆ ನೋಡಿದರು. "ಬೆಳಿಗ್ಗೆ ಸರಿ ಇತ್ತಲ್ಲ. ಇರಲಿ, ನೋಡ್ತೇನೆ."

ಒಳಗೆ ಬಂದೆ. ಕುಮುದಾ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳಿದ್ರೇನು?"

"ಹೇಳಿದೆ. ಎಲ್ಲ ಸರಿಹೋಗುತ್ತದೆ."

ಅವಳು ಉಸಿರು ಬಿಟ್ಟಳು. ಹೆಗಲು ಸಡಿಲವಾಯಿತು. ಆಮೇಲೆ ನನ್ನನ್ನು ನೋಡಿದ ನೋಟವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಅದರಲ್ಲಿ ಚೇಷ್ಟೆಯಿರಲಿಲ್ಲ, ಹೆಮ್ಮೆಯಿತ್ತು. ಯಾವ ಹುಡುಗಿಯೂ ಯಾವತ್ತೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅದನ್ನು ನಾನು ಕದ್ದು ತೆಗೆದುಕೊಂಡೆ.

*

ಹತ್ತು ದಿನದ ನಂತರ, ಬುಧವಾರ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು.

"ಲೋಕಯ್ಯ ಅಂಕಲ್ ಮನಿಗೆ ಸಾರು ಕೊಡಾಕ ಹೋಗಿದ್ನಿ," ಅಂದಳು ಕುಮುದಾ. ಧ್ವನಿ ಬಹಳ ತಣ್ಣಗಿತ್ತು. "ಡ್ರೈವ್‌ವೇದಾಗ ವ್ಯಾನಿನ ಕೆಳಗ ಮಲಕೊಂಡಿದ್ರು. ನಾಕೂ ಗಾಲಿ ಬಿಚ್ಚಿ ಕಡೆಗಿಟ್ಟಾರ. ವಾರಾತಂತ ಬ್ರೇಕ್ ಬಿಚ್ಚೂದು, ಹಚ್ಚೂದು. ಬೆರಳ ಸೀಳಿ ಬಟ್ಟಿ ಕಟಗೊಂಡಾರ. 'ಎಂತದ್ದೂ ತೊಂದರೆ ಕಾಣ್ಲಿಲ್ಲ, ಆದರೂ ಹೊಸ ಪ್ಯಾಡ್ ಹಾಕಿದ್ದೇನೆ, ಪ್ರತೀಕನಿಗೆ ಹೇಳು, ಈ ಭಾನುವಾರ ನಾನೇ ಓಡಿಸ್ತೇನೆ' ಅಂದ್ರು."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನೀವು ಅವರಿಗೆ ಬ್ರೇಕ್ ಅಂತ ಹೇಳಿದ್ರಿ. ನನಗ, ಹೇಳೇನಿ ಅಂತ ಹೇಳಿದ್ರಿ. ಇಬ್ಬರಿಗೂ ಒಂದೊಂದ ಸುಳ್ಳ."

"ಕುಮುದಾ, ಅವರಿಗೆ ನೋವಾಗಬಾರದು ಅಂತ..."

"ಅವರಿಗೆ ನೋವಾಗಬಾರದಂತಲ್ರಿ. ನಿಮಗ ನೋವಾಗಬಾರದಂತ. ನಾ ನಿಮ್ಮನ್ನ... ಇರ್ಲಿ ಬಿಡ್ರಿ. ಅವ್ವನ್ನ ಇನ್ನ ಮ್ಯಾಲ ಕಳಸೂದಿಲ್ಲ. ನಾನೂ ಬರೂದಿಲ್ಲ."

ಫೋನ್ ಇಟ್ಟಳು.

ಅವತ್ತು ಮಧ್ಯಾಹ್ನ ವಿಮಾನದ ಒಂದು ಬ್ರಾಕೆಟಿನ ರಿಪೋರ್ಟ್ ಬರೆಯಬೇಕಿತ್ತು. ಕೂದಲೆಳೆಯಷ್ಟು ಬಿರುಕು. ಮ್ಯಾನೇಜರ್ ಬಂದು, ಡೆಲಿವರಿ ತಡವಾಗುತ್ತದೆ, 'ಮಾರ್ಜಿನಲ್', ಅಂದರೆ ಹೇಗೋ ಪಾಸು, ಅಂತ ಬರೆಯಬಹುದಾ ಅಂತ ಮೆಲ್ಲಗೆ ಕೇಳಿದ. ನಾನು ಯೋಚಿಸಲೂ ಇಲ್ಲ. "ಇಲ್ಲ. ಫೇಲ್," ಅಂದೆ. ಅವನು ಹೆಗಲು ಕುಣಿಸಿ ಹೋದ. ಅವನಿಗೂ ಬೇಜಾರಾಗಲಿಲ್ಲ, ನನಗೂ ಆಗಲಿಲ್ಲ.

ಪೆನ್ನು ಹಿಡಿದು ಹಾಗೇ ಕೂತೆ. ಯಾರೋ ಗೊತ್ತಿಲ್ಲದ ಪ್ರಯಾಣಿಕರಿಗಾಗಿ ನಾನು ಇಷ್ಟು ಸಲೀಸಾಗಿ ಸತ್ಯ ಹೇಳಬಲ್ಲೆ. ನನ್ನನ್ನು ಮಗನಂತೆ ಸಾಕಿದ ಮುದುಕನಿಗೆ, ಅವರ ಹಿಂದೆ ಕೂರುವ ಆರು ಜನರಿಗೆ, ನಾನು ಪ್ರೀತಿಸುವ ಹುಡುಗಿಗೆ ಮಾತ್ರ ಹೇಳಲಾರೆ. ಪೀಠದ ಮೇಲೆ ನಿಂತು ಸತ್ಯದ ಬಗ್ಗೆ ಎಷ್ಟು ಪ್ರಸಂಗ ಮಾಡಿದ್ದೆ!

ಮರುದಿನಕ್ಕೆ ರಜೆ ಕೇಳಿದೆ.

*

ಗುರುವಾರ ಬೆಳಿಗ್ಗೆ ಫ್ರೀವೇಯುದ್ದಕ್ಕೂ ಮೆತ್ತಗಿನ ಮಾತುಗಳನ್ನು ಜೋಡಿಸಿಕೊಂಡೆ. ಸ್ಯಾನ್ ಓನೊಫ್ರೆ ದಾಟುವಾಗ ಬಲಗಡೆ ಸಮುದ್ರ ಬೂದುಬಣ್ಣದ ಮಂಜಿನೊಳಗೆ ಮಲಗಿತ್ತು. ಯಾವ ವಾಕ್ಯ ಹೊಸೆದರೂ ಕೊನೆಗೆ ನನ್ನನ್ನು ಒಳ್ಳೆಯವನನ್ನಾಗಿ ಉಳಿಸುವ ಒಂದು ಸಂದಿ ಅದರಲ್ಲಿರುತ್ತಿತ್ತು. ಮೀರಾ ಮೆಸಾ ಬರುವಷ್ಟರಲ್ಲಿ ಎಲ್ಲವನ್ನೂ ಬಿಟ್ಟೆ.

ಅಂಕಲ್ ಬಾಗಿಲು ತೆರೆದರು. ಬೆರಳಿಗೆ ಬಟ್ಟೆ ಸುತ್ತಿತ್ತು.

"ಎಂತ, ಕೆಲಸ ಇಲ್ವಾ ಇವತ್ತು? ಬಾ, ಕಾಫಿ ಮಾಡ್ತೇನೆ."

"ಬೇಡ ಅಂಕಲ್. ಮೊದಲು ಕೂತುಕೊಳ್ಳಿ." ನಾನೂ ಸೋಫಾದ ಅಂಚಿನಲ್ಲಿ ಕೂತೆ. "ನಾನು ನಿಮಗೆ ಸುಳ್ಳು ಹೇಳಿದೆ. ಬ್ರೇಕಿಗೆ ಏನೂ ಆಗಿರಲಿಲ್ಲ. ನಿಮಗೆ ಎಡಗಡೆ ಕಣ್ಣು ಕಾಣುತ್ತಿಲ್ಲ. ಅವತ್ತು ಆರು ಜನ ಸಾಯುತ್ತಿದ್ದರು. ಇನ್ನು ಮೇಲೆ ನೀವು ವ್ಯಾನ್ ಓಡಿಸಬಾರದು. ಇದನ್ನು ಅವತ್ತೇ ಹೇಳಬೇಕಿತ್ತು. ಹೆದರಿಕೊಂಡೆ."

ಅಂಕಲ್ ಮುಖ ಕೆಂಪಾಯಿತು.

"ನಿನಗೆ ಸ್ಟಿಯರಿಂಗ್ ಹಿಡಿಯಲಿಕ್ಕೆ ಕಲಿಸಿದ್ದು ಯಾರು?"

"ನೀವು."

"ನನಗೇ ಹೇಳ್ತೀಯಾ ಓಡಿಸಬೇಡ ಅಂತ?"

"ಹೌದು ಅಂಕಲ್. ನಿಮಗೇ ಹೇಳ್ತಿದ್ದೇನೆ."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ವ್ಯಾನ್ ನೋಡುತ್ತಾ ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಿತು. ಕೋಪಕ್ಕೆ ಅಂದುಕೊಂಡೆ. ಅವರು ಅಳುತ್ತಿದ್ದರು.

"ಮೂರು ತಿಂಗಳಾಯ್ತು ಮಾರಾಯ," ಅಂದರು, ತಿರುಗದೆಯೇ. "ಎಡಗಡೆ ಬರೀ ಮಂಜು. ಭಾನುವಾರ ಬಂತು ಅಂದರೆ ಹೆದರಿಕೆ. ಆ ಆರು ಜನ ಹಿಂದೆ ಕೂತು ಕೀರ್ತನೆ ಹಾಡುವಾಗ ನಾನು ಒಳಗೇ ಕೂಗ್ತಿದ್ದೆ, ಕರ್ತನೇ ಇವತ್ತೊಂದು ದಿನ ದಾಟಿಸು ಅಂತ."

"ಮತ್ತೆ ಯಾಕೆ ಅಂಕಲ್..."

"ನಾನೇ ಕೀ ಇಟ್ಟುಬಿಟ್ಟರೆ, ಲೋಕಯ್ಯನ ಕೆಲಸ ಮುಗೀತು ಅಂತ ನಾನೇ ಬರೆದ ಹಾಗೆ. ಅದು ನನ್ನ ಕೈಯಲ್ಲಿ ಆಗ್ಲಿಲ್ಲ. ಸಭೆಯವರು ಬೇಡ ಅಂದರೆ ಬಿಡ್ತಿದ್ದೆ. ಯಾರಾದರೂ ಹೇಳಿ ಅಂತ ಕಾದೆ. ಒಬ್ಬರೂ ಹೇಳ್ಲಿಲ್ಲ. ಎಲ್ಲರಿಗೂ ನನ್ನ ಮೇಲೆ ಗೌರವ." ಕೊನೆಯ ಶಬ್ದವನ್ನು ಕಹಿಯಾಗಿ ಹೇಳಿ, ಕಣ್ಣೊರೆಸಿಕೊಂಡು ಬಂದು ನನ್ನ ಪಕ್ಕ ಕುಸಿದು ಕೂತರು. ದೊಡ್ಡದೊಂದು ಉಸಿರು ಬಿಟ್ಟರು. "ಅಬ್ಬಾ! ಈ ಭಾನುವಾರ ಓಡಿಸುವುದು ಇಲ್ಲ ಅಂದರೆ ಎಷ್ಟು ಹಗುರ ಆಯ್ತು ಗೊತ್ತುಂಟಾ?"

ನಾನು ಅವರ ಕೈ ಹಿಡಿದುಕೊಂಡೆ.

"ಆದರೆ ಒಂದು ವಾರ ನನ್ನಿಂದ ಬ್ರೇಕ್ ಬಿಚ್ಚಿಸಿದೆಯಲ್ಲ, ಅದಕ್ಕೆ ನಿನ್ನನ್ನು ಬಿಡುವುದಿಲ್ಲ," ಅಂದರು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವರನ್ನು ಹಾಗೇ ಕಾರಿನಲ್ಲಿ ಕೂರಿಸಿಕೊಂಡು ಕರ್ನಿ ಮೆಸಾದ ಕ್ಲಿನಿಕ್ಕಿಗೆ ಹೋದೆ.

ಬಿಳಿ ಕೋಟು ತೊಟ್ಟ ಕುಮುದಾ ಹೊರಗೆ ಬಂದವಳು ನಮ್ಮನ್ನು ನೋಡಿ ಅಲ್ಲೇ ನಿಂತಳು.

"ಅಂಕಲ್, ಯಾರ ಕರಕೊಂಡ ಬಂದ್ರು?"

"ಈ ಮಹಾರಾಯ. ಇವತ್ತು ಮುಖಕ್ಕೆ ಮುಖ ಕೊಟ್ಟು ಹೇಳಿದ. ನಾನು ಬೈದರೂ ಕದಲಲಿಲ್ಲ."

ಅವಳು ಅವರ ಗಲ್ಲವನ್ನು ಮೆಲ್ಲಗೆ ಹಿಡಿದು ಯಂತ್ರದ ಮೇಲಿಟ್ಟಳು. ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಬಲಗಡೆ ಬೆಳಕು ಬಂದಾಗ ಟಕ್ ಟಕ್ ಅನ್ನುತ್ತಿತ್ತು, ಎಡಗಡೆ ಬಂದಾಗ ಏನೂ ಇಲ್ಲ. ಗ್ಲಾಕೋಮಾ ಅಂದರು ಡಾಕ್ಟರ್. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಆದರೆ ದಿನಾ ಡ್ರಾಪ್ಸ್ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಬಹುದು. ಇನ್ನೊಂದು ವರ್ಷ ಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ.

ಹೊರಡುವಾಗ ಕುಮುದಾ ಕೌಂಟರಿನ ಹಿಂದಿನಿಂದ ನನ್ನನ್ನು ನೋಡಿದಳು. ಕೋಪ ಪೂರ್ತಿ ಇಳಿದಿರಲಿಲ್ಲ. ಆದರೆ ಬಾಗಿಲು ಮುಚ್ಚಿದವರ ನೋಟವೂ ಅದಾಗಿರಲಿಲ್ಲ.

"ಭಾನುವಾರ ಬರ್ತೀವಿ," ಅಂದಳು. ಅಷ್ಟೇ.

*

ಆ ಭಾನುವಾರ ಪ್ರಸಂಗ ಬರೆದುಕೊಂಡು ಹೋಗಲಿಲ್ಲ. ಕೀರ್ತನೆ ಮುಗಿದ ಮೇಲೆ ಎದ್ದು, ನಡೆದದ್ದೆಲ್ಲ ಹೇಳಿದೆ. ಅಂಕಲ್‌ಗೆ ಹೇಳಿದ ಸುಳ್ಳು, ಅದನ್ನು ಮುಚ್ಚಲು ಇನ್ನೊಬ್ಬರಿಗೆ ಹೇಳಿದ ಸುಳ್ಳು. "ನಿಮ್ಮೆಲ್ಲರ ಜೀವಕ್ಕಿಂತ ನನ್ನ ಒಳ್ಳೆಯ ಹೆಸರು ನನಗೆ ದೊಡ್ಡದಾಗಿತ್ತು. ನಾನು ಮುಖಂಡನಾಗಿ ಇರುವುದು ಬೇಡ ಅನಿಸಿದರೆ ಇವತ್ತೇ ಹೇಳಿ. ನನ್ನ ಎದುರೇ ಹೇಳಿ."

ಹಿಂದಿನ ಸಾಲಿನಲ್ಲಿ ಕುಮುದಾ ತಲೆ ತಗ್ಗಿಸಿ ಕೂತಿದ್ದಳು.

ಶಾರದವ್ವ ಮುಂದಿನ ಕುರ್ಚಿ ಹಿಡಿದು ಎದ್ದರು.

"ತಮ್ಮಾ, ನಿನ್ನ ತಗದ್ರ ಇಲ್ಲಿ ಕುಂತವರನ್ನೆಲ್ಲಾ ತಗೀಬೇಕಾಗತೈತಿ. ಲೋಕಯ್ಯನವರ ಕಣ್ಣ ಮಂಜಾಗಿದ್ದು ನನಗೂ ಗೊತ್ತಿತ್ತು. ಎಲ್ಲಾರೂ ಜೀವಾ ಅಂಗೈಯಾಗ ಹಿಡಕೊಂಡ ಕುಂತ್ವಿ, ಬಾಯಿ ತಗೀಲಿಲ್ಲ. ನೀ ಹೇಳೀದಿ. ತಡಾ ಆತು, ಆದ್ರ ಹೇಳೀದಿ. ನೀನ ಇರು." ಕೂರುತ್ತಾ ಸೇರಿಸಿದರು, "ಆದ್ರ ಖರೇ ಹೇಳೂ ದಿನಾ ಅಂದಮ್ಯಾಲ ಇದೂ ಹೇಳ್ತೀನಿ. ನಿನ್ನ ಪ್ರಸಂಗ ಬಾಳ ಉದ್ದ ಆಗತೈತಿ."

ಮೊದಲು ಲೋಕಯ್ಯ ಅಂಕಲ್ ನಕ್ಕರು, ಆಮೇಲೆ ಎಲ್ಲರೂ. ದೀಪೇಶ್ ಎದ್ದು, ಸಂಡೇ ಸ್ಕೂಲ್ ನಡೆಸಲು ತನಗೆ ಬರುವುದೇ ಇಲ್ಲ, ಒಂದು ವರ್ಷದಿಂದ ಸಂಕೋಚಕ್ಕೆ ಹೂಂ ಅನ್ನುತ್ತಿದ್ದೇನೆ, ವ್ಯಾನ್ ಬೇಕಾದರೆ ಸಂತೋಷವಾಗಿ ಓಡಿಸುತ್ತೇನೆ ಅಂದ. ಯಾರೋ ಕೀರ್ತನೆಯ ಶ್ರುತಿ ಇಳಿಸಿ ಅಂದರು. ಯಾರಿಗೂ ಏನೂ ಆಗಲಿಲ್ಲ. ಛಾವಣಿ ಬೀಳಲಿಲ್ಲ. ಎರಡು ವರ್ಷ ನಾನು ಕಾಪಾಡಿದೆ ಅಂದುಕೊಂಡಿದ್ದ ಶಾಂತಿಗಿಂತ ಆ ಗಲಾಟೆಯಲ್ಲೇ ಹೆಚ್ಚು ನೆಮ್ಮದಿಯಿತ್ತು.

ಅವತ್ತು ವಾಪಸ್ಸು ಹೋಗುವಾಗ ವ್ಯಾನ್ ನಾನೇ ಓಡಿಸಿದೆ. ಲೋಕಯ್ಯ ಅಂಕಲ್ ಹಿಂದಿನ ಸೀಟಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹಾಡಿದರು, ಎಸ್ಕಾಂಡಿಡೋ ಬರುವ ಹೊತ್ತಿಗೆ ಬಾಯಿ ತೆರೆದುಕೊಂಡು ನಿದ್ದೆ ಹೋದರು. ಕುಮುದಾ ನನ್ನ ಪಕ್ಕದ ಸೀಟಿನಲ್ಲಿದ್ದಳು. ಕಿಟಕಿಯ ಗಾಳಿಗೆ ಅವಳ ಸೆರಗಿನ ಅಂಚು ಗೇರಿನ ಮೇಲಿದ್ದ ನನ್ನ ಕೈಗೆ ಬಂದು ಬಂದು ತಾಗುತ್ತಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

ಎಲ್ಲರನ್ನೂ ಇಳಿಸಿದ ಮೇಲೆ ಕೊನೆಗೆ ಶಾರದವ್ವನ ಮನೆ.

"ಸಂಜಿ ಚೊಲೋ ಐತಿ," ಅಂದರು ಅವರು, ನಮ್ಮಿಬ್ಬರನ್ನೂ ನೋಡದೆ. "ಸಮುದ್ರಾ ನೋಡಿ ಬರ್ರಿ. ನನಗ ಮೊಣಕಾಲ ನೋವು, ನಾ ಬರೂದಿಲ್ಲ."

ಸನ್‌ಸೆಟ್ ಕ್ಲಿಫ್ಸ್‌ನ ಕಲ್ಲಿನ ಅಂಚಿನಲ್ಲಿ ಕೂತೆವು. ಕೆಳಗೆ ಅಲೆ ಬಂಡೆಗೆ ಅಪ್ಪಳಿಸಿ ಹಾಲಿನಂತೆ ಹರಡುತ್ತಿತ್ತು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಅವಳ ಕೆನ್ನೆಯ ಮೇಲಿನ ಸಣ್ಣ ಕೂದಲೆಲ್ಲ ಚಿನ್ನದ ಬಣ್ಣಕ್ಕೆ ತಿರುಗಿತ್ತು.

"ನಿಮಗೆ ಹೇಳಿದ ಸುಳ್ಳಿಗೆ ನಿಮ್ಮ ಹತ್ತಿರ ಬೇರೆಯಾಗಿ ಕ್ಷಮೆ ಕೇಳಬೇಕು," ಅಂದೆ. "ಅವತ್ತು ಬಾಗಿಲಲ್ಲಿ ನೀವು ನನ್ನನ್ನು ನೋಡಿದ ರೀತಿ... ಅದಕ್ಕೆ ನಾನು ಅರ್ಹನಾಗಿರಲಿಲ್ಲ. ಗೊತ್ತಿದ್ದೂ ಇಟ್ಟುಕೊಂಡೆ."

"ಹೂಂ," ಅಂದಳು. "ಅದ ನನಗ ಬಾಳ ಹತ್ತಿತ್ತು. ಆ ರಾತ್ರಿ ಪೂರಾ ಅತ್ತೀನಿ."

"ಇನ್ನೊಂದು ಮಾತಿದೆ."

"ಹೇಳ್ರಿ."

"ಹ್ಯೂಸ್ಟನ್‌ಗೆ ಹೋಗಬೇಡಿ. ನಿಮ್ಮ ಫೋಟೋ ಯಾರಿಗೂ ಕಳಿಸಬೇಡಿ. ನನಗೆ ನೀವು ಬೇಕು, ಕುಮುದಾ. ಶನಿವಾರ ಯಾವತ್ತೂ ಟ್ರಾಫಿಕ್ ಇರಲಿಲ್ಲ. ನಿಮ್ಮ ಜೊತೆ ಕೂರಲು ಬೇಗ ಬರುತ್ತಿದ್ದೆ. ನೀವು ಇಲ್ಲ ಅಂದರೆ ತಡೆದುಕೊಳ್ಳುತ್ತೇನೆ, ಹೇಗೆ ಅಂತ ಗೊತ್ತಿಲ್ಲ. ಆದರೆ ಹೇಳದೆ ಇರಲಾರೆ. ನನ್ನನ್ನು ಮದುವೆಯಾಗ್ತೀರಾ?"

ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂತು.

"ನಾನೂ ಒಂದ ಖರೇ ಹೇಳೂದೈತ್ರಿ," ಅಂದಳು ಕೊನೆಗೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ. "ಜಯಂತಣ್ಣಗ ಅವತ್ತ ಬ್ಯಾಡಂತ ಹೇಳಿದ್ನಿ. ನಿಮ್ಮನ್ನ ಕೇಳಾಕಿಂತ ಮದಲ."

"ಮೊದಲೇನಾ? ಮತ್ತೆ ನನ್ನನ್ನು ಕೇಳಿದ್ದು?"

"ನೀವ ಬ್ಯಾಡ ಅನ್ನೂದು ಕೇಳಬೇಕಿತ್ತು ನನಗ. ಅದ್ಕ." ಅವಳ ಮುಖ ಸಂಜೆಗಿಂತ ಕೆಂಪಾಗಿತ್ತು. "ಎಲ್ಲಾರಿಗೂ ನೇರ ಮಾತಾಡ್ರಿ ಅಂತ ಹೇಳ್ಕೋತ ತಿರಗಾಕಿ, ನಾನ ನೇರ ಕೇಳಲಿಲ್ಲ. ಅಂಜಿಕಿ ಆತು. ಎರಡ ತಿಂಗಳ ನಿಮಗ ಸಂಕಟಾ ಕೊಟ್ನಿ. ತಪ್ಪಾತು."

ನಾನು ಅವಳನ್ನೇ ನೋಡಿದೆ. ನಗು ಎಲ್ಲಿಂದ ಬಂತೋ, ಇಬ್ಬರಿಗೂ ಒಟ್ಟಿಗೇ ಬಂತು. ಎದೆಯ ಮೇಲಿನ ಕಲ್ಲು ಉರುಳಿ ಕೆಳಗಿನ ನೀರಿಗೆ ಬಿದ್ದ ಹಾಗೆ. ಪಕ್ಕದಲ್ಲಿ ನಾಯಿ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ನಿಂತು ನಮ್ಮನ್ನು ನೋಡಿ ತಾನೂ ನಕ್ಕು ಮುಂದೆ ಹೋದಳು.

"ನನ್ನ ಪ್ರಶ್ನೆಗೆ ಉತ್ತರ?"

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟಳು. "ಹೂಂ. ಆಗ್ತೀನಿ." ಮತ್ತೆ ಇನ್ನೂ ಮೆಲ್ಲಗೆ, "ಜನವರಿಯಿಂದ ಹೂಂ ಅನ್ನಾಕ ಕುಂತೀನಿ."

ಕಲ್ಲಿನ ಮೇಲಿದ್ದ ಅವಳ ಕೈಯ ಮೇಲೆ ಕೈಯಿಟ್ಟೆ. ಅವಳು ಅಂಗೈ ಮೇಲಕ್ಕೆ ತಿರುಗಿಸಿ ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಕೈ ತಣ್ಣಗಿತ್ತು, ಹಿಡಿತ ಗಟ್ಟಿಯಿತ್ತು.

"ಅವ್ವಗ ಯಾವಾಗ ಹೇಳೂದ್ರಿ?"

"ಈಗಲೇ," ಅಂದು ಎದ್ದು ನಿಂತೆ.

ನಾವು ಮನೆಗೆ ಹೋಗಿ ಬೆಲ್ ಒತ್ತಿದಾಗ ಇನ್ನೂ ಬೆಳಕಿತ್ತು.